ತಾಂಡೇಲನ ಸಾಲಪತ್ರ

ನಾನೇ ಬರೆದು, ನಾನೇ ಅಚ್ಚು ಹಾಕಿಸಿ, ನೆಂಟರಿಗೆಲ್ಲ ಹಂಚಿದ ವಂಶಾವಳಿ ಪುಸ್ತಕದಲ್ಲಿ ಮುತ್ತಜ್ಜನ ಪುಟ ಪೂರ್ತಿ ತಪ್ಪು. ಅಕ್ಷರದೋಷವಲ್ಲ, ಇಸವಿ ಒಂದೆರಡು ವರ್ಷ ಆಚೀಚೆ ಆದದ್ದೂ ಅಲ್ಲ. ಆ ಪುಟದಲ್ಲಿರುವ ಮನುಷ್ಯನೇ ಬೇರೆ. 1917ರಲ್ಲಿ ಬ್ರಿಟಿಷ್ ಹಡಗೊಂದರ ಜೊತೆ ಮುಳುಗಿದ ಯಾರೋ ಖಲಾಸಿಯನ್ನು ತಂದು ನಮ್ಮ ಮುತ್ತಜ್ಜನ ಜಾಗದಲ್ಲಿ ಕೂರಿಸಿದ್ದೆ. ಕೂರಿಸಿದ್ದಷ್ಟೇ ಅಲ್ಲ, ಅವನ ಹೆಸರಿನ ಪ್ರಮಾಣಪತ್ರಕ್ಕೆ ಫ್ರೇಮು ಹಾಕಿಸಿ ಜಗಲಿಯಲ್ಲಿ ತೂಗುಹಾಕಿಸಿದ್ದೆ, ಹಿರಿಯರ ಎಡೆಯನ್ನೂ ಅವನ ತಿಥಿಗೇ ಇಡಿಸಿದ್ದೆ.

ನಮ್ಮ ಮೂಲಮನೆ ತದಡಿಯಲ್ಲಿ. ಅಘನಾಶಿನಿ ಕಡಲು ಸೇರುವಲ್ಲಿ, ಗೋಕರ್ಣದ ಬದಿಯ ದಡದಲ್ಲಿರುವ ಬಂದರು. ಹೊಳೆಯಲ್ಲಿ ಒಳಗೆ ಹೋದರೆ ಸಾಣಿಕಟ್ಟಾದ ಉಪ್ಪಿನ ಆಗರ, ಆ ಆಸುಪಾಸಿನಲ್ಲೇ ಗಜನಿ ಗದ್ದೆಗಳು. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವ ಭೂಮಿ ಅದು. ಕಡಲಿಗೆ ಹೋಗುವವರ ಮನೆಗೂ ಒಂದು ತುಂಡು ಗಜನಿ ಇದ್ದರೆ ಮಳೆಗಾಲ ಕಳೆಯಲು ಆಧಾರ. ನಮಗೂ ಇತ್ತು. ನನ್ನ ಪುಸ್ತಕವನ್ನು ಸುಳ್ಳು ಮಾಡಿದ್ದು ಕೊನೆಗೆ ಆ ಗದ್ದೆಯೇ.

ಮನೆಯವರ ನಿಜ ಹೆಸರು ಇಲ್ಲಿ ಹಾಕುವುದಿಲ್ಲ. ರಾಮ, ಸೋಮ ಎಂದಿಟ್ಟುಕೊಳ್ಳಿ. ಮೊದಲ ಗಂಡುಮಗುವಿಗೆ ಅಜ್ಜನ ಹೆಸರಿಡುವುದು ನಮ್ಮಲ್ಲಿ ವಾಡಿಕೆ. ಹಾಗಾಗಿ ಸೋಮನ ಮಗ ರಾಮ, ರಾಮನ ಮಗ ಸೋಮ, ಆ ಸೋಮನ ಮಗ ಮತ್ತೆ ರಾಮ. ಹಳೆಯ ಕಾಗದದಲ್ಲಿ ‘ರಾಮ ಬಿನ್ ಸೋಮ’ ಎಂದು ಕಂಡರೆ ಅದು ನನ್ನ ಅಪ್ಪನೂ ಇರಬಹುದು, ಅಪ್ಪನ ಅಜ್ಜನೂ ಇರಬಹುದು, ಆ ಅಜ್ಜನ ಅಜ್ಜನೂ ಇರಬಹುದು. ಅಡ್ಡಹೆಸರು ಅಂತ ಒಂದು ನಮಗೆ ಅಂಟಿಕೊಂಡದ್ದು ಮಕ್ಕಳನ್ನು ಶಾಲೆಗೆ ಹಾಕಲು ಶುರುಮಾಡಿದ ಮೇಲೆ. ಅದಕ್ಕಿಂತ ಹಿಂದೆ ಹೋದರೆ ಬರೀ ರಾಮ, ಸೋಮರ ಸಾಲು.

ಮುತ್ತಜ್ಜ ರಾಮನ ಬಗ್ಗೆ ಮನೆಯಲ್ಲಿ ಇದ್ದದ್ದು ಒಂದೇ ಮಾತು: ಕಡಲಿಗೆ ಹೋದಂವ ಬರಲಿಲ್ಲ. ಯಾವಾಗ, ಯಾವ ಹಡಗು, ಯಾವ ದಿಕ್ಕು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು. ಕುಮಟೆಯ ದಾಯಾದಿಗಳ ಪ್ರಕಾರ ಅವನು ಆಫ್ರಿಕಾಕ್ಕೆ ಹೋಗಿದ್ದ. ಹೊನ್ನಾವರದ ಕಡೆ ಕೊಟ್ಟ ಹೆಣ್ಣುಮಕ್ಕಳ ಮನೆಯಲ್ಲಿ ಅರಬರ ದೇಶ. ನನ್ನ ಅಪ್ಪ ಮಾತ್ರ ‘ತೂಫಾನಿಗೆ ಸಿಕ್ಕ’ ಎಂದು ಹೇಳಿ ಮಾತು ಮುಗಿಸುತ್ತಿದ್ದರು. ಅಜ್ಜನಂತೂ ಬದುಕಿರುವ ತನಕ ತನ್ನ ಅಪ್ಪನ ಸುದ್ದಿ ಎತ್ತಿದವರಲ್ಲ. ಇದು ದುಃಖದ ಮೌನ ಎಂದು ನಾನು ತಿಳಿದಿದ್ದೆ. ಮೌನಕ್ಕೆ ಬೇರೆ ಕಾರಣವೂ ಇರಬಹುದು ಎಂದು ಹೊಳೆಯಲೇ ಇಲ್ಲ.

ಬ್ಯಾಂಕಿನಿಂದ ನಿವೃತ್ತನಾಗಿ ಹುಬ್ಬಳ್ಳಿಯಲ್ಲಿ ಕೂತಮೇಲೆ ಈ ಮುತ್ತಜ್ಜನನ್ನು ಹುಡುಕಿಯೇ ಬಿಡಬೇಕೆಂದು ಹೊರಟೆ. ಕೈಯಲ್ಲಿ ಇದ್ದದ್ದು ಎರಡು ವಸ್ತು. ಒಂದು ತಗಡಿನ ಕೊಳವೆ, ಒಂದು ಮೊಳಕ್ಕಿಂತ ಚೂರು ಕಮ್ಮಿ, ಒಂದು ತುದಿಗೆ ಮುಚ್ಚಳ. ಮೂಲಮನೆಯಲ್ಲಿ ಅದರಲ್ಲಿ ಊದುಬತ್ತಿ ಇಡುತ್ತಿದ್ದರು. ಇನ್ನೊಂದು, ಹಳೆಯ ಪೆಟ್ಟಿಗೆಯ ತಳದಲ್ಲಿದ್ದ ಛಾಪಾ ಕಾಗದ, ಮೋಡಿ ಲಿಪಿಯಲ್ಲಿ ಬರೆದದ್ದು. ಮೋಡಿ ನನಗೆ ಬಾರದು. ಜಮೀನಿನ ಯಾವುದೋ ಪತ್ರ ಇರಬೇಕೆಂದು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ ಕಪಾಟಿನಲ್ಲಿಟ್ಟೆ. ಸರ್ವಿಸ್ಸಿನುದ್ದಕ್ಕೂ ಸಾಲದ ಕಾಗದ ತಿರುವಿದವನ ಕೈಯಲ್ಲಿ ಆ ಕಾಗದ ಆಮೇಲೆ ವರ್ಷಗಟ್ಟಲೆ ಸುಮ್ಮನೆ ಬಿದ್ದಿತ್ತು.

ನನ್ನ ಮನಸ್ಸೆಲ್ಲ ಕೊಳವೆಯ ಮೇಲೆ. ಜಹಜಿಗೆ ಹೋಗುತ್ತಿದ್ದ ಲಸ್ಕರುಗಳಿಗೆ, ಎಂದರೆ ನಮ್ಮ ಕಡೆಯ ಖಲಾಸಿಗಳಿಗೆ, ಪ್ರತಿ ಸಫರು ಮುಗಿದಮೇಲೆ ಒಂದು ಸರ್ಟಿಫಿಕೇಟು ಸಿಗುತ್ತಿತ್ತು. ಮುಂದಿನ ಹಡಗು ಹತ್ತಬೇಕಾದರೆ ಅದನ್ನು ತೋರಿಸಬೇಕು. ಉಪ್ಪುಗಾಳಿಗೆ ಹಾಳಾಗದಿರಲೆಂದು ಅದನ್ನು ಸುರುಳಿ ಸುತ್ತಿ ಕೊಳವೆಯಲ್ಲಿ ಇಡುತ್ತಿದ್ದರು ಎಂದು ಎಲ್ಲೋ ಓದಿದ್ದೆ. ಸರಿ, ಮುತ್ತಜ್ಜ ಹಾಯಿಯ ಪತ್ತೆಮಾರಿಯವನಲ್ಲ, ಉಗಿಯ ಆಗಬೋಟಿನವನು ಎಂದು ಅಲ್ಲೇ ತೀರ್ಮಾನವಾಯಿತು. ಆಗಬೋಟು ಅಂದರೆ ಬ್ರಿಟಿಷ್ ಕಂಪನಿ, ಬ್ರಿಟಿಷ್ ಕಂಪನಿ ಅಂದರೆ ದಾಖಲೆ. ದಾಖಲೆ ಇರುವ ಮುತ್ತಜ್ಜ ಬೇಕಾಗಿತ್ತು ನನಗೆ.

ದಾಖಲೆಗಳೂ ಅಷ್ಟಿವೆ, ಅದಕ್ಕೇ ಮೋಹ ಹತ್ತುವುದು. ಬ್ರಿಟಿಷ್ ಹಡಗುಗಳ ಸಿಬ್ಬಂದಿಯ ಕರಾರುಪಟ್ಟಿಗಳಲ್ಲಿ 1863ರಿಂದ 1938ರವರೆಗಿನವುಗಳ ಬಹುಪಾಲು, ಶೇಕಡಾ 70ರಷ್ಟು, ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೆಮೋರಿಯಲ್ ವಿಶ್ವವಿದ್ಯಾಲಯದಲ್ಲಿವೆ. ಇಸವಿಯ ಕೊನೆಗೆ 5 ಬರುವ ವರ್ಷಗಳದ್ದು ಗ್ರೀನಿಚ್‌ನ ಸಾಗರ ವಸ್ತುಸಂಗ್ರಹಾಲಯದಲ್ಲಿ. ಲಂಡನ್ನಿನ ಕ್ಯೂ ಪತ್ರಾಗಾರದಲ್ಲಿ ಮಾದರಿಗೆಂದು ಎತ್ತಿಟ್ಟ ಒಂದು ಹತ್ತನೇ ಪಾಲು. ಇವುಗಳಲ್ಲಿ 1915ರ ಪಟ್ಟಿಯನ್ನು ಪೂರ್ತಿ ಅಕ್ಷರಕ್ಕಿಳಿಸಿ ಯಾರು ಬೇಕಾದರೂ ಹುಡುಕುವ ಹಾಗೆ ಮಾಡಿದ್ದಾರೆ: 39,000ಕ್ಕೂ ಹೆಚ್ಚು ಪಟ್ಟಿ, ಏಳೂವರೆ ಲಕ್ಷ ಹೆಸರು. ರಾತ್ರಿ ಊಟವಾದಮೇಲೆ ಕೂತರೆ ಎರಡು ಗಂಟೆ ಹೊಡೆದದ್ದು ಗೊತ್ತಾಗುತ್ತಿರಲಿಲ್ಲ. ಹೆಂಡತಿ ‘ನಿಮ್ಮ ಮುತ್ತಜ್ಜ ನಾಳೆನೂ ಅಲ್ಲೇ ಇರ್ತಾನೆ, ಮಲಗಿ’ ಎನ್ನುತ್ತಿದ್ದಳು.

ಇಷ್ಟೆಲ್ಲ ಇದ್ದರೂ ನಮ್ಮವರ ಮಟ್ಟಿಗೆ ಒಂದು ತೊಡಕು ಇದೆ. ಮುಂಬಯಿಯಲ್ಲೋ ಕಲ್ಕತ್ತೆಯಲ್ಲೋ ಹಡಗು ಹತ್ತಿದ ಲಸ್ಕರುಗಳ ಕರಾರು ಬೇರೆಯೇ ಇರುತ್ತಿತ್ತು. ಎಷ್ಟೋ ಪಟ್ಟಿಗಳಲ್ಲಿ ಬಿಳಿಯರ ಹೆಸರು, ವಯಸ್ಸು, ವಿಳಾಸ ಎಲ್ಲ ವಿವರವಾಗಿ ಬಂದು, ಕೆಳಗೆ ಲಸ್ಕರುಗಳು ಇಷ್ಟು ಜನ ಎಂದು ಎಣಿಕೆ ಮಾತ್ರ. ಹೆಸರು ಬರೆದಲ್ಲೂ ಗುಮಾಸ್ತನ ಕಿವಿಗೆ ಕೇಳಿದಂತೆ ಕಾಗುಣಿತ. ಬದುಕಿದ್ದವರಿಗಿಂತ ಸತ್ತವರ ಲೆಕ್ಕವೇ ಚೊಕ್ಕ. ಮೊದಲ ಮಹಾಯುದ್ಧದಲ್ಲಿ ಕಡಲೇ ಸಮಾಧಿಯಾದ ಎರಡು ಸಾವಿರಕ್ಕೂ ಮಿಕ್ಕಿದ ಭಾರತೀಯ ನಾವಿಕರ ಸ್ಮಾರಕ ಮುಂಬಯಿಯ ಮಸ್ಜಿದ್ ಬಂದರಿನ ಇಂಡಿಯನ್ ಸೇಲರ್ಸ್ ಹೋಮಿನಲ್ಲಿದೆ. ಆ ಹೆಸರುಗಳೆಲ್ಲ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಪಟ್ಟಿಯಲ್ಲಿ ಸಿಗುತ್ತವೆ. ಕೆಲವರ ಮುಂದೆ ಅಪ್ಪನ ಹೆಸರು, ಊರು ಕೂಡ ಇದೆ.

ಅಲ್ಲಿ ಸಿಕ್ಕ. ರಾಮ, ಸೋಮನ ಮಗ. ಲಸ್ಕರ್. 1917ರ ಮಳೆಗಾಲದಲ್ಲಿ, ಜರ್ಮನ್ ಸಬ್‌ಮರೀನುಗಳು ಎಚ್ಚರಿಕೆ ಕೊಡದೆ ವ್ಯಾಪಾರಿ ಹಡಗುಗಳನ್ನು ಮುಳುಗಿಸುತ್ತಿದ್ದ ಕಾಲದಲ್ಲಿ ಸತ್ತವನು. ಹಡಗಿನ ಹೆಸರು ಬೇಡ. ಅದು ಇನ್ನೊಬ್ಬರ ಮನೆಯ ವಿಷಯ.

ಆ ಸಾಲಿನಲ್ಲಿ ಇನ್ನೂ ಎರಡು ಸಂಗತಿ ಇದ್ದವು. ವಯಸ್ಸು ಮೂವತ್ತರ ಆಸುಪಾಸು, ಊರು ರತ್ನಾಗಿರಿ ಜಿಲ್ಲೆ. ನನ್ನ ಅಜ್ಜ ಹುಟ್ಟಿದ್ದು 1896ರಲ್ಲಿ. ಅವರ ಅಪ್ಪನಿಗೆ 1917ರಲ್ಲಿ ಮೂವತ್ತು ಎಂದರೆ ಒಂಬತ್ತನೇ ವರ್ಷಕ್ಕೆ ಮಗ ಹುಟ್ಟಿರಬೇಕು. ಇದಕ್ಕೆ ನಾನು ಕೊಟ್ಟುಕೊಂಡ ಸಮಾಧಾನ: ಲಸ್ಕರುಗಳ ವಯಸ್ಸನ್ನು ಮುಖ ನೋಡಿ ಅಂದಾಜಿಗೆ ಬರೆಯುತ್ತಿದ್ದರು, ಕೆಲಸ ಸಿಗಲೆಂದು ಇವರೂ ಕಮ್ಮಿ ಹೇಳುತ್ತಿದ್ದರು. ಎರಡೂ ನಿಜವೇ, ಆದರೆ ಐವತ್ತರವನನ್ನು ಮೂವತ್ತು ಮಾಡುವಷ್ಟು ಅಲ್ಲ. ಊರಿಗೂ ಒಂದು ಸಮಾಧಾನ ಹುಟ್ಟಿಕೊಂಡಿತು. ಮುಂಬಯಿಯ ಗುಮಾಸ್ತನಿಗೆ ಕೊಂಕಣದ ಕರಾವಳಿ ಎಲ್ಲ ಒಂದೇ, ತದಡಿ ಎಂದರೆ ಅವನಿಗೇನು ಗೊತ್ತು, ರತ್ನಾಗಿರಿ ಎಂದು ಬರೆದಿರುತ್ತಾನೆ.

ಬ್ಯಾಂಕಿನಲ್ಲಿ ಯಾವನಾದರೂ ಗಿರಾಕಿ ಇಂಥ ಕಾಗದ ತಂದು, ಹೆಸರು ಸರಿ ಇದೆ ಸಾರ್, ವಯಸ್ಸು ಊರು ಮಾತ್ರ ಗುಮಾಸ್ತರ ತಪ್ಪು ಎಂದಿದ್ದರೆ ಬಾಗಿಲು ತೋರಿಸುತ್ತಿದ್ದೆ.

ಇನ್ನೊಂದನ್ನು ನೋಡಬೇಕಿತ್ತು, ನೋಡಲಿಲ್ಲ. ಲಸ್ಕರುಗಳನ್ನು ಕಂಪನಿ ಒಬ್ಬೊಬ್ಬರನ್ನಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಸಾರಂಗನೊಬ್ಬ, ಎಂದರೆ ಖಲಾಸಿಗಳ ಮೇಸ್ತ್ರಿ, ತನ್ನ ಊರಿನ, ತನ್ನ ನೆಂಟಸ್ತಿಕೆಯ ಜನರನ್ನು ಕಟ್ಟಿಕೊಂಡು ಬರುತ್ತಿದ್ದ. ಮುಂಬಯಿಯ ದೊಡ್ಡ ಕಂಪನಿಗಳಲ್ಲಿ ಡೆಕ್ಕಿನ ಕೆಲಸಕ್ಕೆ ರತ್ನಾಗಿರಿ ಕಡೆಯವರು, ಎಂಜಿನ್ ಕೋಣೆಗೆ ಪಂಜಾಬಿಗಳು, ಪಠಾಣರು, ಅಡುಗೆ-ಬಡಿಸುವಿಕೆಗೆ ಗೋವೆಯವರು ಎಂಬುದು ಬಹುತೇಕ ಕಟ್ಟುಪಾಡು. ಹಾಗಾಗಿ ಒಂದು ಹೆಸರು ಕಂಡಾಗ ಅದರ ಮೇಲಿನ, ಕೆಳಗಿನ ಹೆಸರು ಓದಬೇಕು. ಅದೇ ಹಡಗಿನ ಜೊತೆ ಹೋದವರೆಲ್ಲ ಒಂದೇ ತಾಲೂಕಿನವರಾಗಿದ್ದರೆ ಇವನೂ ಆ ತಾಲೂಕಿನವನೇ. ನಾನು ಆಮೇಲೆ ಓದಿದೆ. ಎಲ್ಲ ರತ್ನಾಗಿರಿಯವರೇ. ತದಡಿಯಿಂದ ಒಬ್ಬನೇ ಹೋಗಿ ಅವರ ನಡುವೆ ಸೇರಿಕೊಳ್ಳಲು ದಾರಿಯೇ ಇರಲಿಲ್ಲ. ಮೊದಲು ನೋಡಿದಾಗ ನನ್ನ ಕಣ್ಣು ನನ್ನ ಮುತ್ತಜ್ಜನ ಹೆಸರಿನ ಮೇಲೆ ಮಾತ್ರ ಇತ್ತು.

ಪುಸ್ತಕ ಅಚ್ಚಾಯಿತು. ದಾಯಾದಿಗಳೆಲ್ಲ ಮೂಲಮನೆಯಲ್ಲಿ ಕೂಡಿದಾಗ ಹಂಚಿದೆ, ನಾಲ್ಕು ಮಾತೂ ಆಡಿದೆ. ಚಿಕ್ಕಪ್ಪನ ಮಗ ಫ್ರೇಮು ಹಾಕಿದ ಆಯೋಗದ ಪ್ರಮಾಣಪತ್ರಕ್ಕೆ ಹಾರ ಹಾಕಿದ. ದುಬೈಯಲ್ಲಿರುವ ತಂಗಿಯ ಮಗಳು ಶಾಲೆಯಲ್ಲಿ ‘ನನ್ನ ಪೂರ್ವಜರು’ ಎಂದು ಭಾಷಣ ಮಾಡಿ ಬಹುಮಾನ ತಂದಳು. ಇಲ್ಲಿಯವರೆಗೆ ಸತ್ತ ದಿನ ಗೊತ್ತಿಲ್ಲದ ಕಾರಣ ಮುತ್ತಜ್ಜನಿಗೂ ಎಲ್ಲರ ಜೊತೆ ಮಹಾಲಯ ಅಮಾವಾಸ್ಯೆಗೇ ಎಡೆ. ಈಗ ತಾರೀಕು ಸಿಕ್ಕಿತಲ್ಲ, ಪಂಚಾಂಗ ಹಿಡಿದು ತಿಥಿ ತೆಗೆಸಿದೆ. ಆಷಾಢದಲ್ಲಿ ಬಂತು.

ಒಪ್ಪದವಳು ಸೋದರತ್ತೆ ಒಬ್ಬಳೇ. ಅಪ್ಪನ ಅಕ್ಕ, ತೊಂಬತ್ತರ ಮೇಲೆ ವಯಸ್ಸು, ಕಿವಿ ಮಂದ, ನೆನಪು ಮಂದವಲ್ಲ.

‘ಅಂವ ಆಗಬೋಟಿಗೆ ಹೋದಂವ ಅಲ್ಲ ತಮಾ. ಅಂವಂದು ಪತ್ತೆಮಾರಿ.’

‘ಸರ್ಕಾರಿ ದಾಖಲೆ ಇದೆ ಅತ್ತೆ.’

‘ಇರ್ಲಿ. ಆಷಾಢದಲ್ಲಿ ಹಿರಿಯರಿಗೆ ಎಡೆ ಇಡೂದು ಎಲ್ಲಿ ಕಂಡೀಯ? ಹಸಿ ಮೀನು ಎಲ್ಲಿಂದ ತರ್ತೆ?’

ಅದೂ ನಿಜ. ಜೂನ್, ಜುಲೈ ಬೋಟು ಕಡಲಿಗಿಳಿಯುವಂತಿಲ್ಲ. ಕಡಲಿನ ಮನುಷ್ಯನಿಗೆ ಮೀನಿಲ್ಲದ ಎಡೆಯೇ ಎಂದು ಅತ್ತೆ ಗೊಣಗುತ್ತ ಒಣಮೀನಿನ ಸಾರು ಮಾಡಿಸಿದಳು. ನಾನು ನಕ್ಕುಬಿಟ್ಟೆ. ಅವಳಿಗೆ ಮುತ್ತಜ್ಜನ ಸುದ್ದಿ ಎಲ್ಲಿಂದ ಬಂದಿರಬಹುದು ಎಂದು ಕೇಳಬೇಕು ಅನ್ನಿಸಲಿಲ್ಲ. ಅವಳ ಅಜ್ಜಿ, ಎಂದರೆ ಆ ರಾಮನ ಹೆಂಡತಿ, 1945ರ ತನಕ ಬದುಕಿದ್ದಳು. ಅತ್ತೆ ಹದಿನೇಳರ ಹುಡುಗಿಯಾಗುವವರೆಗೆ ಮಲಗಿದ್ದು ಅದೇ ಅಜ್ಜಿಯ ಮಗ್ಗುಲಲ್ಲಿ. ನಾನು ಗ್ರೀನಿಚ್, ನ್ಯೂಫೌಂಡ್‌ಲ್ಯಾಂಡ್ ಎಂದು ಅಲೆಯುತ್ತಿದ್ದಾಗ ಮುತ್ತಜ್ಜನ ಹೆಂಡತಿಯ ಬಾಯಿಂದಲೇ ಕತೆ ಕೇಳಿದವಳು ಕೈಗೆ ಸಿಗುವಷ್ಟು ದೂರದಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

ಗದ್ದೆಯ ವಿಷಯಕ್ಕೆ ಬರುತ್ತೇನೆ. ಗಜನಿ ತುಂಡಿನ ಪಾಲಿಗೆ ದಾಯಾದಿಯೊಬ್ಬನಿಗೆ ಹಳೆಯ ಫೇರಫಾರಿನ, ಎಂದರೆ ಹಕ್ಕು ಬದಲಾವಣೆಯ ನೋಂದಿನ, ನಕಲು ಬೇಕಾಯಿತು. ಅರ್ಜಿ ಕೊಟ್ಟು, ನಾಲ್ಕಾರು ಸಲ ಅಲೆದು, ಕೊನೆಗೆ ರೆಕಾರ್ಡು ರೂಮಿನಿಂದ ಹೊರಬಂದ ಹಾಳೆಯ ಫೋಟೋ ಹೊಡೆದು ಅವನು ನನಗೆ ಕಳಿಸಿದ. ಉತ್ತರ ಕನ್ನಡ 1862ರಲ್ಲೇ ಮದ್ರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತ್ತು. ಮುಂಬಯಿಯವರು ಇಪ್ಪತ್ತನೇ ಶತಮಾನದ ಆರಂಭದಲ್ಲಿ ತಂದ ಹಕ್ಕುದಾಖಲೆ ಪದ್ಧತಿಯ ನೋಂದು ಅದು. 1912ನೇ ಇಸವಿ. ರಾಮ ಬಿನ್ ಸೋಮನ ಹೆಸರು ಕಮ್ಮಿ ಮಾಡಿ ಮಕ್ಕಳ ಹೆಸರು ದಾಖಲು. ಮಕ್ಕಳ ಹೆಸರಿನ ಹಿಂದೆ ‘ಅಜ್ಞಾನ’, ಎಂದರೆ ವಯಸ್ಸಿಗೆ ಬಾರದವರು, ಪಾಲಕಳು ತಾಯಿ. ಕಾರಣದ ಕಾಲಮಿನಲ್ಲಿ: ಸದರಿಯವನು ಸುಮಾರು ಹತ್ತು ವರ್ಷದಿಂದ ಬೇಪತ್ತೆ.

ಏಳು ವರ್ಷ ಸುದ್ದಿಯೇ ಇಲ್ಲದವನನ್ನು ಸತ್ತನೆಂದು ಹಿಡಿಯಬಹುದು ಎಂದು 1872ರ ಸಾಕ್ಷ್ಯ ಕಾಯ್ದೆಯ 108ನೇ ಕಲಮಿನಲ್ಲಿತ್ತು. ಆ ಲೆಕ್ಕದಲ್ಲಿ ಶಾನುಭೋಗನ ಕೆಲಸ ಕ್ರಮಬದ್ಧವಾಗಿಯೇ ಇದೆ. ಕ್ರಮಬದ್ಧವಿಲ್ಲದ್ದು ನನ್ನದು. 1902ರ ಹೊತ್ತಿಗೆ ಕಾಣೆಯಾಗಿ, 1912ರಲ್ಲಿ ಸರಕಾರದ ಪುಸ್ತಕದಿಂದಲೂ ಹೆಸರು ತೆಗೆಸಿಕೊಂಡವನನ್ನು ನಾನು 1917ರಲ್ಲಿ ಸಾಯಿಸಿದ್ದೆ.

ಮೊದಲು ಹುಟ್ಟಿದ್ದು ಸಿಟ್ಟು, ಆ ಹಾಳೆಯ ಮೇಲೆ. ಎರಡು ದಿನ ಅದನ್ನೂ ಸರಿಪಡಿಸಲು ನೋಡಿದೆ. ಬೇಪತ್ತೆ ಅಂದರೆ ಸತ್ತಿಲ್ಲ ತಾನೆ, ಮುಂಬಯಿಯಲ್ಲಿ ಇದ್ದು ಆಮೇಲೆ ಹಡಗು ಹತ್ತಿರಬಹುದಲ್ಲ ಎಂದು. ಒಂದು ತಪ್ಪು ಕಟ್ಟಿದ ಮೇಲೆ ಅದಕ್ಕೆ ಆಸರೆ ಕೊಡಲು ಮನಸ್ಸು ಎಷ್ಟು ಚುರುಕಾಗುತ್ತದೆ ಅಂದರೆ, ಆ ಚುರುಕಿನ ಕಾಲುಭಾಗ ಮೊದಲೇ ಇದ್ದಿದ್ದರೆ ತಪ್ಪೇ ಆಗುತ್ತಿರಲಿಲ್ಲ. ಕಡೆಗೆ ಕಪಾಟು ತೆಗೆದು ಮೋಡಿಯ ಕಾಗದ ಕೈಗೆತ್ತಿಕೊಂಡೆ.

ಕಾರವಾರದ ಕಡೆಯ ನಿವೃತ್ತ ಮರಾಠಿ ಮಾಸ್ತರರೊಬ್ಬರು ಮೋಡಿ ಓದುತ್ತಾರೆ ಎಂದು ತಿಳಿದು ಅವರಲ್ಲಿಗೆ ಹೋದೆ. ಮೋಡಿ ಬರೆಯುವವರು ಮೊದಲು ಹಾಳೆಯ ಈ ಬದಿಯಿಂದ ಆ ಬದಿಯವರೆಗೆ ಗೆರೆ ಎಳೆದುಕೊಂಡು, ಅದಕ್ಕೆ ಅಕ್ಷರಗಳನ್ನು ಲೇಖನಿ ಎತ್ತದೆ ಪೋಣಿಸುತ್ತ ಹೋಗುತ್ತಾರೆ. ಪದ ಎಲ್ಲಿ ಮುಗಿಯಿತು, 'ಇ'ಕಾರ ಹ್ರಸ್ವವೋ ದೀರ್ಘವೋ ಒಂದೂ ತಿಳಿಯುವುದಿಲ್ಲ. ಮಾಸ್ತರರು ಭೂತಗನ್ನಡಿ ಹಿಡಿದು, ಅರ್ಥ ಬಿಟ್ಟು ಬರೀ ಧ್ವನಿಯನ್ನು ಒಂದು ಸಲ ಗಟ್ಟಿಯಾಗಿ ಓದಿದರು, ಆಮೇಲೆ ಪದ ಒಡೆದರು. ಓದುವ ಮೊದಲೇ ಕಾಗದ ತಿರುಗಿಸಿ ಮೇಲಿನ ಮುದ್ರೆ ತೋರಿಸಿದ್ದರು: ‘ರಾಣಿ ಛಾಪು ನೋಡಿ. ವಿಕ್ಟೋರಿಯಾ ಸತ್ತದ್ದು 1901ರ ಜನವರಿಯಲ್ಲಿ.’ ಆ ಮುದ್ರೆ ನನಗೂ ಕಣ್ಣಿಗೆ ಬಿದ್ದದ್ದೇ, ಅಲಂಕಾರ ಎಂದುಕೊಂಡಿದ್ದೆ.

ಅದು ಸಾಲಪತ್ರ. ಶಕೆ 1822, ಭಾದ್ರಪದ. ಅಂದರೆ 1900ರ ಮಳೆಗಾಲ ಮುಗಿಯುವ ಹೊತ್ತು. ನೂಲು ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ಹಂಗಾಮು ಶುರುವಾದ ಮೇಲೆ ಪತ್ತೆಮಾರಿಗಳಿಗೆ ಹಾಯಿ, ಹಗ್ಗ, ಅರಗಿನ ಖರ್ಚು ಬರುವ ಸಮಯ. ತದಡಿ ವಸ್ತಿಯ ರಾಮ ಬಿನ್ ಸೋಮ, ತಾಂಡೇಲ, ಮುಂಬಯಿಯ ವ್ಯಾಪಾರಿಯೊಬ್ಬನಿಂದ 350 ರೂಪಾಯಿ ತೆಗೆದುಕೊಂಡು ಪತ್ತೆಮಾರಿಯಲ್ಲಿ ತನಗಿದ್ದ ನಾಲ್ಕಾಣೆ ಪಾಲನ್ನು ಒತ್ತೆ ಇಟ್ಟಿದ್ದಾನೆ. ಮುಂದಿನ ವೈಶಾಖದೊಳಗೆ ಬಡ್ಡಿಸಮೇತ ತೀರಿಸಬೇಕು, ತೀರಿಸದಿದ್ದರೆ ಪಾಲು ವ್ಯಾಪಾರಿಗೆ. ಸಹಿಯ ಜಾಗದಲ್ಲಿ ಅವನು ಹೆಸರು ಬರೆದಿಲ್ಲ. ಒಂದು ಲಂಗರಿನ ಗುರುತು ಎಳೆದಿದ್ದಾನೆ. ನೆಟ್ಟಗಿನ ಗೆರೆ, ಕೆಳಗೆ ಎರಡು ಕೊಕ್ಕೆ, ಕೊಕ್ಕೆಯೊಂದರ ತುದಿಯಲ್ಲಿ ಶಾಯಿ ಇಂಗಿ ಕಾಗದ ತೂತಾಗಿದೆ. ಪಕ್ಕದಲ್ಲಿ ಬೇರೆ ಕೈಬರಹದಲ್ಲಿ, ಇದು ತಾಂಡೇಲನ ನಿಶಾನಿ.

ಬೆನ್ನಿನ ಮೇಲೆ ಜಮೆಯ ಬರಹ ಎರಡು. ಐವತ್ತು, ಆಮೇಲೆ ಮೂವತ್ತು. ಮುಂದೆ ಏನೂ ಇಲ್ಲ. ಸಾಲ ತೀರಿದ್ದರೆ ಪತ್ರ ಹರಿದು ಕೊಡುತ್ತಾರೆ ಅಥವಾ ಚುಕ್ತಾ ಎಂದು ಬರೆಯುತ್ತಾರೆ. ಅದೂ ಇಲ್ಲ. ಅಸಲು ಪತ್ರ ಸಾಲಗಾರನ ಮನೆಯ ಪೆಟ್ಟಿಗೆಗೆ ಹೇಗೆ ಬಂತೆಂಬುದು ಇವತ್ತಿಗೂ ಬಗೆಹರಿದಿಲ್ಲ. ಪಾಲು ಕಿತ್ತುಕೊಂಡ ಮೇಲೆ ವ್ಯಾಪಾರಿಯ ಗುಮಾಸ್ತ ತಂದು ಕೊಟ್ಟಿರಬಹುದು ಎಂಬುದು ಮಾಸ್ತರರ ಊಹೆ.

ತಾಂಡೇಲ ಎಂಬ ಒಂದು ಶಬ್ದಕ್ಕೆ ನನ್ನ ಆಗಬೋಟು ಮುಳುಗಿತು. ಸ್ವಂತ ಪಾಲಿನ ಪತ್ತೆಮಾರಿ ನಡೆಸುವ ತಾಂಡೇಲ ಲಸ್ಕರನಾಗಿ ಕಂಪನಿಯ ಪಟ್ಟಿಯಲ್ಲಿ ಇರುವುದಿಲ್ಲ. ಹಾಯಿ ಹಡಗುಗಳಿಗೆ ದಾಖಲೆಯೇ ಇರಲಿಲ್ಲ ಎಂದಲ್ಲ. ಮುಂಬಯಿ ಕರಾವಳಿಯ ಹಡಗುಗಳ ನೋಂದಣಿಗೆ 1838ರಲ್ಲೇ ಕಾಯ್ದೆ ಬಂದಿತ್ತು. ಆದರೆ ಅಲ್ಲಿ ಲೆಕ್ಕ ಹಡಗಿನದು. ಅದರಲ್ಲಿ ಹೋದ ಹತ್ತು ಹನ್ನೆರಡು ಜನರ ಹೆಸರು, ಮನೆ, ವಯಸ್ಸು ಯಾರಿಗೂ ಬೇಕಿರಲಿಲ್ಲ. ತಾಂಡೇಲನ ಹೆಸರು ಕಾಗದಕ್ಕೆ ಬರುತ್ತಿದ್ದುದು ಅವನು ತೆರಿಗೆ ಕೊಡಬೇಕಾದಾಗ, ಸಾಲ ಮಾಡಿದಾಗ, ಭೂಮಿ ಬಿಟ್ಟು ಹೋದಾಗ. ಮುತ್ತಜ್ಜ ಸಿಕ್ಕಿದ್ದೂ ಆ ಎರಡೇ ಕಡೆ, ಸಾಲದಲ್ಲಿ ಮತ್ತು ಬಿಟ್ಟುಹೋದ ಗದ್ದೆಯಲ್ಲಿ.

ಅವನು ಸಾಲಕ್ಕೆ ಏಕೆ ಬಿದ್ದ ಎಂಬುದು ಆಮೇಲೆ ಕುಮಟೆಯ ಇತಿಹಾಸ ಓದುವಾಗ ಸ್ವಲ್ಪ ಬಿಚ್ಚಿಕೊಂಡಿತು. ಅವನ ಅಪ್ಪ ಸೋಮನ ಕಾಲ ಬೇರೆ ಇತ್ತು. ಧಾರವಾಡ, ಹುಬ್ಬಳ್ಳಿ ಸೀಮೆಯ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟೆಗೆ ಬಂದು, ಅಲ್ಲಿಂದ ಪತ್ತೆಮಾರಿಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಮುಂಬಯಿ ಪೇಟೆಯಲ್ಲಿ ಆ ಹತ್ತಿಗೆ ಕುಮಟಾ ಎಂದೇ ಹೆಸರು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಲ್ಯಾಂಕಶೈರಿನ ಗಿರಣಿಗಳು ನಮ್ಮ ಕಡೆ ತಿರುಗಿದವು. ನಮ್ಮ ಮನೆಗೆ ಪತ್ತೆಮಾರಿಯ ಪಾಲು ಬಂದದ್ದು ಆ ಕಾಲದಲ್ಲೇ ಇರಬೇಕು. 1880ರ ದಶಕದಲ್ಲಿ ಮುರಗಾಂವಿಗೆ ರೈಲು ಬಂತು. ಹತ್ತಿ ಘಟ್ಟ ಇಳಿಯುವುದನ್ನು ಬಿಟ್ಟು ರೈಲು ಹತ್ತಿತು. ರಾಮನ ಪಾಲಿಗೆ ಉಳಿದದ್ದು ಉಪ್ಪು, ತೆಂಗು, ಕಟ್ಟಿಗೆ, ಮಂಗಳೂರು ಹಂಚಿನಂಥ ಸರಕು. ಅದರ ಮೇಲೆ 1896ರಿಂದ ಮುಂಬಯಿಯಲ್ಲಿ ಪ್ಲೇಗು. ಹಾಗೆ ನೋಡಿದರೆ ಅವನು ಪ್ಲೇಗಿನಲ್ಲೇ ಸತ್ತಿರಬಹುದು. ತೂಫಾನಿಗೂ ಸಿಕ್ಕಿರಬಹುದು, ಅಪ್ಪ ಹೇಳಿದ ಹಾಗೆ.

ಕಾಗದ ತೆಗೆದುಕೊಂಡು ಅತ್ತೆಯ ಹತ್ತಿರ ಹೋದೆ. ಲಂಗರಿನ ಗುರುತು ತೋರಿಸಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ‘ಸಾಲ ಇತ್ತು. ಅಜ್ಜಿ ಮೂಗುತಿ ಮಾರಿ ಒಂದ್ಸಲ ಕಟ್ಟಿತ್ತು’ ಅಂದಳು. ಹಾಗಾದರೆ ಬೆನ್ನಿನ ಮೇಲಿನ ಮೂವತ್ತೋ ಐವತ್ತೋ ಆ ಮೂಗುತಿಯದು.

‘ಮೊದಲೇ ಯಾಕೆ ಹೇಳ್ಲಿಲ್ಲ ಅತ್ತೆ?’

‘ನೀ ಕೇಳಿದ್ಯಾ? ನೀ ಬಂದು ಹೇಳ್ದೆ. ನಾ ಕೇಳ್ದೆ.’

ಆಮೇಲೆ ದನಿ ತಗ್ಗಿಸಿ ಉಳಿದದ್ದನ್ನೂ ಹೇಳಿದಳು. ರಾಮ ಹೋದ ಮೂರು ನಾಲ್ಕು ವರ್ಷಕ್ಕೆ ಊರಿನವರೊಬ್ಬರು ಅವನನ್ನು ಕಾಠೇವಾಡದ ವೆರಾವಳ ಬಂದರಿನಲ್ಲಿ ಕಂಡೆ ಎಂದು ಬಂದು ಹೇಳಿದ್ದರಂತೆ. ಅವನೇ ಹೌದೋ ಅಲ್ಲವೋ, ಕರೆದರೆ ತಿರುಗಿ ನೋಡದೆ ಹೋದ ಎಂದು. ಅಜ್ಜಿ ಅವರಿಗೆ ಊಟ ಹಾಕಿ ಕಳಿಸಿ, ಮಕ್ಕಳಿಗೆ ಈ ಸುದ್ದಿ ಹೇಳಬಾರದೆಂದು ಬಾಯಿ ಕಟ್ಟಿದಳು. 1912ರಲ್ಲಿ ಶಾನುಭೋಗರ ಮುಂದೆ ಹತ್ತು ವರ್ಷದಿಂದ ಸುದ್ದಿಯಿಲ್ಲ ಎಂದು ಹೇಳಿಕೆ ಕೊಟ್ಟವಳೂ ಅವಳೇ. ಗದ್ದೆ ಮಕ್ಕಳ ಹೆಸರಿಗೆ ಆಗಬೇಕಿತ್ತು. ಸಾಲದವರು ಕೇಳಿಕೊಂಡು ಬಂದರೆ ಗಂಡ ಕಡಲುಪಾಲಾದ ಎನ್ನುವುದೇ ಸುರಕ್ಷಿತ. ಅಜ್ಜ ತನ್ನ ಅಪ್ಪನ ಸುದ್ದಿ ಎತ್ತದಿದ್ದದ್ದು ಅವರಿಗೆ ಗೊತ್ತಿಲ್ಲದೆಯೋ ಗೊತ್ತಿದ್ದೋ, ಈಗ ಯಾರು ಹೇಳುವವರು.

ಕೊಳವೆಯ ವಿಷಯವನ್ನೂ ಅವಳೇ ಬಗೆಹರಿಸಿದಳು. ಅದು ಅಜ್ಜನ ತಮ್ಮನದು, 1930ರ ಸುಮಾರಿಗೆ ನಿಜವಾಗಿ ಆಗಬೋಟಿಗೆ ಹೋಗುತ್ತಿದ್ದ ಸಣ್ಣಜ್ಜನದು. ಮದುವೆಯಾಗದೆ ಸತ್ತದ್ದರಿಂದ ನನ್ನ ವಂಶಾವಳಿಯಲ್ಲಿ ಅವನಿಗೆ ಅರ್ಧ ಸಾಲು ಕೊಟ್ಟಿದ್ದೆ. ಕರಾರುಪಟ್ಟಿಗಳಲ್ಲಿ ಹುಡುಕಿದ್ದರೆ ಸಿಗಬಹುದಾಗಿದ್ದವನು ಅವನೊಬ್ಬನೇ.

ಎಲ್ಲಿ ಎಡವಿದೆ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ವಿಧಾನ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲು ಬರುವುದಿಲ್ಲ. ನಮ್ಮಿಂದ ಮುತ್ತಜ್ಜನ ಕಡೆಗೆ ಒಂದೊಂದೇ ತಲೆಮಾರು ಮೇಲೆ ಹತ್ತಬೇಕು, ಪ್ರತಿ ಮೆಟ್ಟಿಲಿಗೂ ಒಂದು ಕಾಗದ ಬೇಕು ಎಂಬುದು ವಾರಸಾ ಪ್ರಕರಣ ನೋಡಿದ ಯಾವ ಬ್ಯಾಂಕಿನವನಿಗೂ ಗೊತ್ತು. ನಾನು ಆಸೆಪಟ್ಟ ಮುತ್ತಜ್ಜನನ್ನು ಮೊದಲು ಮೇಲೆ ಕೂರಿಸಿಕೊಂಡು ಅಲ್ಲಿಂದ ಕೆಳಗೆ ಇಳಿದೆ. ಯುದ್ಧದಲ್ಲಿ ಸತ್ತವನ ಮರಿಮಗ ಎಂದು ಹೇಳಿಕೊಳ್ಳಲು ಚೆನ್ನಾಗಿರುತ್ತದೆ. ಸಾಲ ತೀರಿಸಲಾರದೆ ಹೋದವನ ಮರಿಮಗ, ಅದೂ ಜೀವಮಾನವಿಡೀ ಸಾಲ ವಸೂಲಿ ಮಾಡಿದವನು, ಎಂದರೆ ಬೇರೆಯೇ ಕೇಳಿಸುತ್ತದೆ. ಅತ್ತೆಯ ಮಾತು ಕಿವಿಗೆ ಹೋಗದಿದ್ದದ್ದು ಅದಕ್ಕೇ ಎಂಬ ಅನುಮಾನ ನನಗಿದೆ. ಮೋಡಿ ಕಾಗದವನ್ನು ಓದಿಸದೆ ಇಟ್ಟದ್ದರಲ್ಲೂ ಅದರ ಪಾಲು ಇತ್ತೋ ಏನೋ. ಛಾಪಾ ಕಾಗದದಲ್ಲಿ ಒಳ್ಳೆಯ ಸುದ್ದಿ ಇರುವುದು ಅಪರೂಪ ಎಂದು ನನಗಿಂತ ಚೆನ್ನಾಗಿ ಗೊತ್ತಿರುವವರು ಕಡಿಮೆ.

ಪುಸ್ತಕ ವಾಪಸು ಪಡೆಯುವುದು ಆಗದ ಮಾತು. ಬದಲಿ ಪುಟ ಅಚ್ಚು ಹಾಕಿಸಿ ಎಲ್ಲರಿಗೂ ಕಳಿಸಿದೆ: ಸಾಲಪತ್ರದ ವಿವರ, ಫೇರಫಾರಿನ ನೋಂದು, ಇಸವಿಗಳು. ವೆರಾವಳದ ಮಾತನ್ನು ಅತ್ತೆ ಆಗ ಹಾಕಗೊಡಲಿಲ್ಲ. ತನ್ನ ಕಾಲ ಮುಗಿದಮೇಲೆ ಬೇಕಾದ್ದು ಬರಕೋ ಎಂದಿದ್ದಳು, ಹಾಗಾಗಿ ಈಗ ಬರೆಯುತ್ತಿದ್ದೇನೆ. ಪುಟ ತಲುಪಿದ ಮೇಲೆ ಎರಡು ಮನೆಯವರು ಫೋನು ಮಾಡಿ ಬೈದರು. ತಪ್ಪು ಬರೆದದ್ದಕ್ಕಲ್ಲ, ತಿದ್ದಿದ್ದಕ್ಕೆ. ದುಬೈಯ ಹುಡುಗಿಯ ಅಮ್ಮ, ನನ್ನ ತಂಗಿ, ‘ಬಹುಮಾನ ವಾಪಸು ಕೊಡೂಕೆ ಆಗ್ತದಾ ಅಣ್ಣ’ ಎಂದು ಕೇಳಿದಳು. ಎಡೆ ಮತ್ತೆ ಮಹಾಲಯಕ್ಕೆ ಹೋಯಿತು, ಆ ವರ್ಷ ಬಂಗಡೆ ಬೇಕಾದಷ್ಟು ಬಿದ್ದಿತ್ತು. ಫ್ರೇಮು ಮಾತ್ರ ಜಗಲಿಯಲ್ಲಿ ಹಾಗೇ ಇದೆ. ತೆಗೆಯೋಣ ಎಂದರೆ ಚಿಕ್ಕಪ್ಪನ ಮಗ ಒಪ್ಪುವುದಿಲ್ಲ. ಯಾರ ಮನೆಯವನಾದರೇನು, ಹಾರ ಹಾಕಿ ಆಗಿದೆ, ಈಗ ಇಳಿಸಿ ಮೂಲೆಗೆ ಇಡುವುದು ಸರಿಯಲ್ಲ ಎನ್ನುತ್ತಾನೆ.

ಅವನ ಮಾತಿನಲ್ಲಿ ನ್ಯಾಯವಿದೆ ಅನ್ನಿಸಿ, ಆ ಪ್ರಮಾಣಪತ್ರವನ್ನು ಅದರ ಮನೆಗೇ ತಲುಪಿಸಲು ಹೊರಟಿದ್ದೇನೆ. ಪಟ್ಟಿಯಲ್ಲಿದ್ದ ರತ್ನಾಗಿರಿ ಜಿಲ್ಲೆಯ ಹಳ್ಳಿಗೆ, ಗ್ರಾಮಪಂಚಾಯಿತಿಯ ವಿಳಾಸಕ್ಕೆ, ಕಾರವಾರದ ಮಾಸ್ತರರ ಕೈಯಿಂದ ಮರಾಠಿಯಲ್ಲಿ ಪತ್ರ ಬರೆಸಿದೆ. 1917ರಲ್ಲಿ ಹಡಗಿನಲ್ಲಿ ಸತ್ತ ನಿಮ್ಮೂರಿನ ರಾಮ, ಅಪ್ಪ ಸೋಮ, ಅವನ ಮನೆಯವರು ಇದ್ದರೆ ತಿಳಿಸಿ ಎಂದು. ಉತ್ತರ ಬಂದಿದೆ. ಹಳ್ಳಿಯಲ್ಲಿ ವಾಡಿಗಳು ಹಲವಾರು, ಯಾವ ವಾಡಿ? ಆ ಹೆಸರಿನವರು ನಾಲ್ಕು ಮನೆಯಲ್ಲಿ ಇದ್ದರು, ಎಲ್ಲರೂ ಜಹಜಿಗೆ ಹೋದವರೇ. ಅಜ್ಜನ ಹೆಸರು ಗೊತ್ತಿದ್ದರೆ ತಿಳಿಸಿ ಎಂದು ಕೇಳಿದ್ದಾರೆ. ಪಟ್ಟಿಯಲ್ಲಿ ಅಜ್ಜನ ಹೆಸರಿಲ್ಲ. ನಿಮ್ಮಲ್ಲಿಯೂ ಮೊದಲ ಮಗನಿಗೆ ಅಜ್ಜನ ಹೆಸರಿಡುತ್ತಾರೆಯೇ ಎಂದು ಕೇಳಿ ಮತ್ತೊಂದು ಪತ್ರ ಹಾಕಿದ್ದೇನೆ.